ಓದುಗರ ಪ್ರಶ್ನೆ: ಅಮೆರಿಕದ ಎರಡು ವರ್ಷದ ಪ್ಯಾರಾಲೀಗಲ್ ಓದು

ಅಮೆರಿಕದ ಕಮ್ಯುನಿಟಿ ಕಾಲೇಜುಗಳಲ್ಲಿ ‘ಲೀಗಲ್ ಸ್ಟಡೀಸ್’ ಅಥವಾ ‘ಪ್ಯಾರಾಲೀಗಲ್ ಸ್ಟಡೀಸ್’ ಹೆಸರಿನ ಎರಡು ವರ್ಷದ ಅಸೋಸಿಯೇಟ್ ಪದವಿ ಇದೆ. ಇದರ ಬಗ್ಗೆ ಊರಿನಿಂದಲೂ ಅಲ್ಲಿನ ಕನ್ನಡಿಗರಿಂದಲೂ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರಿಸಿದ್ದೇವೆ.

ಮಗ ಈ ವರ್ಷ ಪಿಯುಸಿ ಮುಗಿಸಿದ. ಅಮೆರಿಕದಲ್ಲಿ ಎರಡೇ ವರ್ಷಕ್ಕೆ ‘ಲಾ ಡಿಗ್ರಿ’ ಸಿಗುತ್ತದೆ, ಆಮೇಲೆ ಅಲ್ಲೇ ಕೆಲಸ ಎಂದು ಏಜೆಂಟರು ಹೇಳುತ್ತಿದ್ದಾರೆ. ಇಲ್ಲಿ ಐದು ವರ್ಷ ಓದಿಸುವ ಬದಲು ಅದೇ ವಾಸಿಯಲ್ಲವೇ?
— ತಂದೆ, ದಾವಣಗೆರೆ

ಏಜೆಂಟರು ಹೇಳಿದ್ದರಲ್ಲಿ ‘ಎರಡು ವರ್ಷ’ ಎನ್ನುವುದು ಹೆಚ್ಚುಕಡಿಮೆ ನಿಜ. ಉಳಿದದ್ದು ನಿಜವಲ್ಲ.

ಈ ಪದವಿ ಮುಗಿಸಿದವರು ವಕೀಲರಾಗುವುದಿಲ್ಲ, ವಕೀಲರ ಕೈಕೆಳಗೆ ಕೆಲಸ ಮಾಡುವ ಪ್ಯಾರಾಲೀಗಲ್ ಆಗುತ್ತಾರೆ. ದಾವೆಯ ಕಾಗದಪತ್ರ ಸಿದ್ಧಪಡಿಸುವುದು, ತೀರ್ಪು ಹುಡುಕುವುದು, ಸಾಕ್ಷ್ಯದ ದಾಖಲೆ ಜೋಡಿಸುವುದು, ಮುದ್ದತು ತಪ್ಪದಂತೆ ನೋಡಿಕೊಳ್ಳುವುದು ಅವರ ಕೆಲಸ. ನಮ್ಮಲ್ಲಿನ ವಕೀಲರ ಗುಮಾಸ್ತರಿಗೂ ಜೂನಿಯರ್ ವಕೀಲರಿಗೂ ನಡುವಿನ ಜಾಗ ಎನ್ನಬಹುದು. ಆದರೆ ಜೂನಿಯರ್ ನಾಳೆ ಕೋರ್ಟಿನಲ್ಲಿ ಎದ್ದು ನಿಲ್ಲಬಹುದು, ಪ್ಯಾರಾಲೀಗಲ್‌ಗೆ ಆ ಅವಕಾಶವಿಲ್ಲ. ಅಮೆರಿಕದಲ್ಲಿ ವಕೀಲರಾಗುವ ಮಾಮೂಲಿ ದಾರಿ ಎಂದರೆ ನಾಲ್ಕು ವರ್ಷದ ಬ್ಯಾಚುಲರ್ ಪದವಿ, ಮೇಲೆ ಮೂರು ವರ್ಷದ ಜೆಡಿ ಎಂಬ ಕಾನೂನು ಪದವಿ, ಅದರ ಮೇಲೆ ವಕೀಲಿಕೆಯ ಲೈಸೆನ್ಸಿಗೆ ಬಾರ್ ಪರೀಕ್ಷೆ. ಅಸೋಸಿಯೇಟ್ ಪದವಿಯಿಂದ ಮುಂದೆ ಬ್ಯಾಚುಲರ್‌ಗೆ ಹೋಗಬಹುದು. ಆದರೆ ಪ್ಯಾರಾಲೀಗಲ್ ವಿಷಯಗಳಿಗೆ ಲಾ ಸ್ಕೂಲು ವಿನಾಯಿತಿ ಕೊಡುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ವೀಸಾದ್ದು. ಮಗ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದರೆ ಓದು ಮುಗಿದ ಮೇಲೆ ಓಪಿಟಿ ಎಂಬ ಕೆಲಸದ ಅನುಮತಿ 12 ತಿಂಗಳು ಮಾತ್ರ. ಎಂಜಿನಿಯರಿಂಗ್ ಹುಡುಗರಿಗೆ ಸಿಗುವ ಹೆಚ್ಚುವರಿ 24 ತಿಂಗಳು ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ವಿಷಯಗಳಿಗಷ್ಟೇ, ಇದು ಆ ಪಟ್ಟಿಯಲ್ಲಿಲ್ಲ. ಆಮೇಲೆ ಎಚ್-1ಬಿ ಎಂಬ ಕೆಲಸದ ವೀಸಾ? ಆ ವೀಸಾ ಕೊಡುವುದು ನಿರ್ದಿಷ್ಟ ವಿಷಯದಲ್ಲಿ ಕನಿಷ್ಠ ಬ್ಯಾಚುಲರ್ ಪದವಿ ಬೇಡುವ ಹುದ್ದೆಗೆ. ಪ್ಯಾರಾಲೀಗಲ್ ಹುದ್ದೆಗೆ ಅಸೋಸಿಯೇಟ್ ಪದವಿ ಸಾಕು ಎಂದು ಅಲ್ಲಿನ ಕಾರ್ಮಿಕ ಇಲಾಖೆಯೇ ಬರೆದಿಟ್ಟಿರುವುದರಿಂದ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಓದನ್ನು ಸುಲಭ ಮಾಡಿದ ಕಾರಣವೇ ವೀಸಾವನ್ನು ಕಷ್ಟ ಮಾಡುತ್ತದೆ.

ಊರಿಗೆ ಮರಳಿದರೆ? ನಮ್ಮ ಮೂರು ವರ್ಷದ ಎಲ್ಎಲ್‌ಬಿಗೆ ಪದವಿ ಬೇಕು, ಎರಡು ವರ್ಷದ ಅಸೋಸಿಯೇಟ್ ಆ ಲೆಕ್ಕಕ್ಕೆ ಬರುವುದಿಲ್ಲ. ಪಿಯುಸಿ ಆಧಾರದ ಮೇಲೆ ಐದು ವರ್ಷದ ಕೋರ್ಸಿಗೇ ಸೇರಬೇಕು. ಮಗನಿಗೆ ವಕೀಲನಾಗುವ ಆಸೆಯಿದ್ದರೆ ಆ ಐದು ವರ್ಷವನ್ನು ಈಗಲೇ ಶುರು ಮಾಡಿಸಿ.

ಬಿ.ಕಾಂ. ಓದಿದ್ದೇನೆ, ಪತಿಯ ಎಚ್-1ಬಿ ಮೇಲೆ ಎಚ್-4, ಅಂದರೆ ಅವಲಂಬಿತರ ವೀಸಾದಲ್ಲಿ ಇದ್ದೇನೆ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಪ್ಯಾರಾಲೀಗಲ್ ಸೇರುವ ಯೋಚನೆ. ಏನೇನು ಓದಬೇಕು, ಖರ್ಚೆಷ್ಟು, ಎಚ್-4ರಲ್ಲಿ ಓದಬಹುದೇ?
— ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಓದಲು ಅಡ್ಡಿಯಿಲ್ಲ. ಎಚ್-4ರಲ್ಲಿ ಪೂರ್ಣಾವಧಿಯಾಗಲಿ ಅರೆಕಾಲಿಕವಾಗಲಿ ಓದಬಹುದು, ಎಫ್-1ಗೆ ಬದಲಾಯಿಸಿಕೊಳ್ಳಬೇಕಾಗಿಲ್ಲ.

ಖರ್ಚಿನ ವಿಷಯದಲ್ಲಿ ನೀವಿರುವ ರಾಜ್ಯ ಒಳ್ಳೆಯದು. ಕ್ಯಾಲಿಫೋರ್ನಿಯಾದ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ (ಕ್ರೆಡಿಟ್ ಎಂದರೂ ಅದೇ) 46 ಡಾಲರ್. ಪದವಿಗೆ ಬೇಕಾದ 60 ಯೂನಿಟ್‌ಗೆ 2,760 ಡಾಲರ್, ಪುಸ್ತಕ ಮತ್ತು ಸಣ್ಣಪುಟ್ಟ ಶುಲ್ಕ ಬೇರೆ. ‘ನಿವಾಸಿ’ ಎನಿಸಿಕೊಳ್ಳಲು ಟರ್ಮ್ ಶುರುವಾಗುವ ಮುಂಚೆ ಒಂದು ವರ್ಷ ಒಂದು ದಿನ ರಾಜ್ಯದಲ್ಲಿ ವಾಸವಿದ್ದಿರಬೇಕು, ಅದಕ್ಕೆ ದಾಖಲೆ ಬೇಕು. ಎಚ್-4ರವರು ಅಲ್ಲಿ ನಿವಾಸಿಗಳಾಗಬಹುದು. ಎಷ್ಟೋ ಜನ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲವನ್ನೂ ಪತಿಯ ಹೆಸರಿನಲ್ಲೇ ಬಿಟ್ಟು ಕೊನೇ ಘಳಿಗೆಯಲ್ಲಿ ಪರದಾಡುತ್ತಾರೆ. ಹೊರರಾಜ್ಯದ ದರ ಇದರ ಹಲವು ಪಟ್ಟು, ಆದ್ದರಿಂದ ನಿಮ್ಮ ಹೆಸರಿರುವ ಎರಡು ಮೂರು ಕಾಗದ ಈಗಲೇ ಮಾಡಿಟ್ಟುಕೊಳ್ಳಿ.

ಪದವಿಗೆ 60 ಕ್ರೆಡಿಟ್. ಅಮೆರಿಕನ್ ಬಾರ್ ಅಸೋಸಿಯೇಷನ್, ಅಂದರೆ ಎಬಿಎ, ಒಪ್ಪಿಗೆ ಕೊಟ್ಟ ಕೋರ್ಸಾದರೆ ಅದರಲ್ಲಿ ಕನಿಷ್ಠ 18 ಕ್ರೆಡಿಟ್ ಕಾನೂನಿನದು, ಕನಿಷ್ಠ 18 ಇಂಗ್ಲಿಷ್ ಬರವಣಿಗೆ, ಗಣಿತ, ಸಮಾಜವಿಜ್ಞಾನದಂಥ ಸಾಮಾನ್ಯ ವಿಷಯಗಳದು. ಕಾನೂನಿನ ಕಡೆ ಸಾಮಾನ್ಯವಾಗಿ ಕಾನೂನು ಪರಿಚಯ, ಸಂಶೋಧನೆ ಮತ್ತು ಬರವಣಿಗೆ, ಸಿವಿಲ್ ಲಿಟಿಗೇಷನ್, ಕರಾರು, ಟಾರ್ಟ್ (ಹಾನಿಗೆ ಪರಿಹಾರದ ಕಾನೂನು), ಸ್ಥಿರಾಸ್ತಿ, ಕುಟುಂಬ ಕಾನೂನು, ವಿಲ್ ಮತ್ತು ಉತ್ತರಾಧಿಕಾರ, ವೃತ್ತಿ ನೀತಿ, ಲಾ ಆಫೀಸ್ ಸಾಫ್ಟ್‌ವೇರ್ ಇರುತ್ತವೆ. ಕೊನೆಯ ಟರ್ಮಿನಲ್ಲಿ ಹಲವೆಡೆ ಇಂಟರ್ನ್‌ಶಿಪ್.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ತರಗತಿ, ಎರಡು ಗಂಟೆ ಮನೆಯ ಓದು. 15 ಕ್ರೆಡಿಟ್ ತೆಗೆದುಕೊಂಡರೆ ವಾರಕ್ಕೆ 45 ಗಂಟೆ, ಪೂರ್ತಿ ನೌಕರಿಯಷ್ಟು. 12 ಕ್ರೆಡಿಟ್‌ಗೂ ‘ಪೂರ್ಣಾವಧಿ’ ಎಂದೇ ಹೇಳುತ್ತಾರೆ, ಆದರೆ ನಾಲ್ಕು ಸೆಮಿಸ್ಟರಿಗೆ 48 ಮಾತ್ರ ಆಗುತ್ತದೆ, ಐದನೆಯದು ಬೇಕೇ ಬೇಕು. ಚಿಕ್ಕ ಮಕ್ಕಳಿದ್ದರೆ ಟರ್ಮಿಗೆ ಎರಡೇ ವಿಷಯ ತೆಗೆದುಕೊಂಡು ನಿಧಾನವಾಗಿ ಹೋಗುವುದು ಮೇಲು.

ಇಷ್ಟಾದ ಮೇಲೆ ಒಂದು ಮಾತು. ನಿಮಗೆ ಈ ಪೂರ್ತಿ ಪದವಿ ಬೇಕಾಗಿಲ್ಲದಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ‘ಪ್ಯಾರಾಲೀಗಲ್’ ಎಂದು ಕರೆದುಕೊಳ್ಳಲು ಕಾನೂನೇ ಅರ್ಹತೆ ನಿಗದಿ ಮಾಡಿದೆ, ಬಿಸಿನೆಸ್ ಅಂಡ್ ಪ್ರೊಫೆಷನ್ಸ್ ಕೋಡ್‌ನ 6450ನೇ ಸೆಕ್ಷನ್. ಎಬಿಎ ಒಪ್ಪಿದ ಕೋರ್ಸಿನ ಸರ್ಟಿಫಿಕೇಟ್ ಇದ್ದರಾಯಿತು, ಇಲ್ಲವೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಕಾನೂನು ವಿಷಯಗಳ 24 ಸೆಮಿಸ್ಟರ್ ಯೂನಿಟ್‌ನ ಪ್ಯಾರಾಲೀಗಲ್ ಸರ್ಟಿಫಿಕೇಟ್ ಇದ್ದರೂ ಆಯಿತು. ಬಿ.ಕಾಂ. ಇರುವವರಿಗೆ ಸಾಮಾನ್ಯ ವಿಷಯಗಳನ್ನು ಮತ್ತೆ ಓದುವ ದಂಡವೇಕೆ? ಅಂಕಪಟ್ಟಿಯ ಮೌಲ್ಯಮಾಪನ ಮಾಡಿಸಿ ಕೌನ್ಸಿಲರ್ ಮುಂದಿಡಿ. ನಮ್ಮ ಮೂರು ವರ್ಷದ ಪದವಿಯನ್ನು ಕೆಲವು ಏಜೆನ್ಸಿಗಳು ಪೂರ್ಣ ಬ್ಯಾಚುಲರ್ ಎಂದು ಒಪ್ಪುವುದಿಲ್ಲ. ಹಾಗಾಗಿ ಯಾವ ಏಜೆನ್ಸಿಯ ವರದಿ ಬೇಕು ಎಂದು ಕಾಲೇಜನ್ನು ಮೊದಲು ಕೇಳಿ, ಆಮೇಲೆ ದುಡ್ಡು ಕಟ್ಟಿ.

ಇನ್ನು ಇಂಟರ್ನ್‌ಶಿಪ್. ಎಚ್-4ರವರು ಎಡವುವುದು ಇಲ್ಲೇ. ಇಎಡಿ, ಅಂದರೆ ಕೆಲಸದ ಅನುಮತಿ ಪತ್ರ ಇಲ್ಲದೆ ನೀವು ಕೆಲಸ ಮಾಡುವಂತಿಲ್ಲ, ‘ಸಂಬಳ ಇಲ್ಲವಲ್ಲ’ ಎಂದ ಮಾತ್ರಕ್ಕೆ ಲಾಭಕ್ಕಾಗಿ ನಡೆಯುವ ಲಾ ಆಫೀಸಿನ ಕೆಲಸ ಕೆಲಸವಲ್ಲ ಎಂದಾಗುವುದಿಲ್ಲ. ಗ್ರೀನ್ ಕಾರ್ಡಿಗಾಗಿ ಪತಿಯ ಪರವಾಗಿ ಹಾಕಿದ ಐ-140 ಅರ್ಜಿ ಮಂಜೂರಾಗಿದ್ದರೆ ಎಚ್-4 ಇಎಡಿಗೆ ಅರ್ಜಿ ಹಾಕಬಹುದು, ಈ ಸೌಲಭ್ಯ 2015ರಿಂದ ಇದೆ. ಆಗಿಲ್ಲದಿದ್ದರೆ ಇಂಟರ್ನ್‌ಶಿಪ್ ಬದಲು ಬೇರೆ ಐಚ್ಛಿಕ ವಿಷಯ ತೆಗೆದುಕೊಳ್ಳಲು ಬಿಡುತ್ತಾರೆಯೇ ಎಂದು ಸೇರುವ ಮುಂಚೆಯೇ ಲಿಖಿತವಾಗಿ ಕೇಳಿ. ನಾಲ್ಕನೇ ಸೆಮಿಸ್ಟರಿನಲ್ಲಿ ಕೇಳಿದರೆ ಉತ್ತರ ಏನೇ ಬಂದರೂ ತಡವಾಗಿರುತ್ತದೆ.

ಸಿವಿಲ್ ಲಿಟಿಗೇಷನ್ ತರಗತಿಯಲ್ಲಿ ಮುದ್ದತು ಲೆಕ್ಕ ಹಾಕುವ ಪ್ರಶ್ನೆಗಳಲ್ಲಿ ಪದೇ ಪದೇ ಅಂಕ ಹೋಗುತ್ತಿದೆ. ಮೇಷ್ಟರು ‘ರೂಲ್ 6 ಮತ್ತೆ ಓದು’ ಎನ್ನುತ್ತಾರೆ, ಓದಿದರೂ ಉತ್ತರ ತಪ್ಪೇ.
— ಎರಡನೇ ಸೆಮಿಸ್ಟರ್ ವಿದ್ಯಾರ್ಥಿನಿ, ನ್ಯೂಜೆರ್ಸಿ

ಈ ಓದಿನಲ್ಲಿ ನಿಮಗೆ ಅನ್ನ ಕೊಡುವ ವಿದ್ಯೆ ಇದೇ, ಆದ್ದರಿಂದ ನಿಧಾನವಾಗಿ ನೋಡೋಣ. ಫೆಡರಲ್ ಸಿವಿಲ್ ನಿಯಮಗಳ ರೂಲ್ 6ರ ಸಾರ ಇಷ್ಟು: ಘಟನೆ ನಡೆದ ದಿನ ಬಿಡಿ, ಮಾರನೆಯ ದಿನದಿಂದ ಶನಿವಾರ, ಭಾನುವಾರ, ರಜೆ ಎಲ್ಲ ಸೇರಿಸಿ ಎಣಿಸಿ, ಕೊನೆಯ ದಿನ ಶನಿವಾರ, ಭಾನುವಾರ ಅಥವಾ ಸರ್ಕಾರಿ ರಜೆ ಆಗಿದ್ದರೆ ಮಾತ್ರ ಮುಂದಿನ ಕೆಲಸದ ದಿನಕ್ಕೆ ಸರಿಸಿ.

ಪ್ರತಿವಾದಿಗೆ ಸಮನ್ಸ್ ಜಾರಿಯಾದ ಮೇಲೆ ಉತ್ತರ ಸಲ್ಲಿಸಲು 21 ದಿನ. 21 ಎಂದರೆ ಸರಿಯಾಗಿ ಮೂರು ವಾರ, ಹಾಗಾಗಿ ಮಂಗಳವಾರ ಜಾರಿಯಾದದ್ದು ಮಂಗಳವಾರವೇ ಮುಗಿಯಬೇಕು. ನಿಮ್ಮ ಲೆಕ್ಕದಲ್ಲಿ ಸೋಮವಾರ ಬಂದರೆ ಜಾರಿಯಾದ ದಿನವನ್ನೂ ಎಣಿಸಿದ್ದೀರಿ ಎಂದು ತಿಳಿಯಿರಿ. ತಾಳೆ ನೋಡಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ನಿಜವಾಗಿ ಅಂಕ ಹೋಗುವುದು ಅಂಚೆಯ ಮೂರು ದಿನದಲ್ಲಿ. ಉದಾಹರಣೆ: ಎದುರು ಪಕ್ಷದವರು ಇಂಟರಾಗೆಟರಿ, ಅಂದರೆ ಲಿಖಿತ ಪ್ರಶ್ನಾವಳಿ, ಅಂಚೆಯಲ್ಲಿ ಹಾಕಿದ್ದು 2025ರ ಮೇ 1, ಗುರುವಾರ. ಉತ್ತರಕ್ಕೆ 30 ದಿನ, ಅಂಚೆಯಾದ್ದರಿಂದ ಇನ್ನೂ 3 ದಿನ. ಹೆಚ್ಚಿನವರು 33 ಎಂದು ಕೂಡಿಸಿ ಜೂನ್ 3 ಎಂದು ಬರೆಯುತ್ತಾರೆ. ತಪ್ಪು. ನಿಯಮ ಹೇಳುವುದು ಮೂಲ ಅವಧಿ ಮುಗಿದ ನಂತರ ಮೂರು ದಿನ ಸೇರಿಸಿ ಎಂದು. 30ನೇ ದಿನ ಮೇ 31, ಶನಿವಾರ. ಅದು ಜೂನ್ 2ರ ಸೋಮವಾರಕ್ಕೆ ಸರಿಯುತ್ತದೆ. ಅಲ್ಲಿಂದ ಮೂರು ದಿನ, ಜೂನ್ 5, ಗುರುವಾರ. ಆಫೀಸಿಗೆ ಹೋದ ಮೇಲೆ ಜೂನ್ 3ಕ್ಕೇ ಕಳಿಸಿಬಿಟ್ಟರೆ ನಷ್ಟವಿಲ್ಲ, ಪರೀಕ್ಷೆಯಲ್ಲಿ ಮಾತ್ರ ಸರಿಯುತ್ತರ ಬೇಕು. ಈ-ಫೈಲಿಂಗ್ ಮೂಲಕ ಬಂದದ್ದಕ್ಕೆ ಈ ಮೂರು ದಿನ ಇಲ್ಲ, 2016ರಲ್ಲಿ ತೆಗೆದುಹಾಕಿದರು. ಹಳೆಯ ಸೆಕೆಂಡ್ ಹ್ಯಾಂಡ್ ಪಠ್ಯಪುಸ್ತಕದಲ್ಲಿ ಓದುತ್ತಿದ್ದರೆ ಇದೂ ನಿಮ್ಮ ತಪ್ಪಿಗೆ ಕಾರಣವಿರಬಹುದು.

ಇನ್ನೊಂದು ಬಲೆ ಯಾವ ಕೋರ್ಟು ಎನ್ನುವುದು. 21 ದಿನ ಫೆಡರಲ್ ಕೋರ್ಟಿನದು. ನಿಮ್ಮ ನ್ಯೂಜೆರ್ಸಿಯ ರಾಜ್ಯ ಕೋರ್ಟಿನಲ್ಲಿ ಸಾಮಾನ್ಯವಾಗಿ 35 ದಿನ, ಕ್ಯಾಲಿಫೋರ್ನಿಯಾದಲ್ಲಿ 30. ಪ್ರಶ್ನೆಯ ಮೊದಲ ಸಾಲಿನಲ್ಲಿ ಕೋರ್ಟಿನ ಹೆಸರಿಗೆ ಗೆರೆ ಎಳೆದು ಆಮೇಲೆ ಮುಂದಕ್ಕೆ ಓದಿ. ನಮ್ಮಲ್ಲಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಪ್ರಕಾರ ರಿಟನ್ ಸ್ಟೇಟ್‌ಮೆಂಟಿಗೆ, ಅಂದರೆ ಪ್ರತಿವಾದಿಯ ಲಿಖಿತ ಉತ್ತರಕ್ಕೆ, 30 ದಿನ, ಕೋರ್ಟು ಒಪ್ಪಿದರೆ 90ರವರೆಗೆ. ವಾಯಿದೆ ಕೇಳಿ ರೂಢಿಯಾದ ನಮ್ಮವರಿಗೆ 21 ದಿನ ತಮಾಷೆಯಾಗಿ ಕಾಣುತ್ತದೆ. ಅಲ್ಲಿ ಮುದ್ದತು ಮೀರಿದರೆ, ಎದುರು ಪಕ್ಷ ಕೇಳಿದ ಕೂಡಲೇ ಕೋರ್ಟಿನ ಕ್ಲರ್ಕೇ ಡಿಫಾಲ್ಟ್, ಅಂದರೆ ಪ್ರತಿವಾದಿ ಉತ್ತರಿಸಿಲ್ಲ ಎಂದು, ದಾಖಲಿಸಬಹುದು, ನ್ಯಾಯಾಧೀಶರ ಮುಂದೆ ಹೋಗಬೇಕಾಗಿಯೂ ಇಲ್ಲ.

ಧಾರವಾಡದಲ್ಲಿ ನಾಲ್ಕು ವರ್ಷ ವಕೀಲಿಕೆ ಮಾಡಿ ಮದುವೆಯಾಗಿ ಇಲ್ಲಿಗೆ ಬಂದೆ. ಗ್ರೀನ್ ಕಾರ್ಡ್ ಇದೆ. ಮೊದಲು ಈ ಎರಡು ವರ್ಷದ ಪದವಿ ಮಾಡು ಎಂದು ಎಲ್ಲರೂ ಹೇಳುತ್ತಾರೆ.
— ಓದುಗರು, ನ್ಯೂಯಾರ್ಕ್

ಬೇಡ. ಎಲ್ಎಲ್‌ಬಿ ಮತ್ತು ಬಾರ್ ಕೌನ್ಸಿಲ್ ನೋಂದಣಿ ಎರಡೂ ಇರುವವರು ಇಲ್ಲಿ ಎರಡು ವರ್ಷ ಕಳೆಯುವುದು ಹತ್ತಿದ ಮೆಟ್ಟಿಲು ಇಳಿದಂತೆ.

ನ್ಯೂಯಾರ್ಕಿನಲ್ಲಿ ವಿದೇಶಿ ಕಾನೂನು ಪದವೀಧರರಿಗೆಂದೇ 520.6 ಎಂಬ ನಿಯಮವಿದೆ. ನಿಮ್ಮ ಓದನ್ನು ಬಾರ್ ಪರೀಕ್ಷಾ ಮಂಡಳಿ ಪರಿಶೀಲಿಸುತ್ತದೆ. ಕೊರತೆ ಕಂಡರೆ ಎಬಿಎ ಮಾನ್ಯತೆಯ ಲಾ ಸ್ಕೂಲಿನಲ್ಲಿ 24 ಕ್ರೆಡಿಟ್‌ನ ಎಲ್ಎಲ್‌ಎಂ ಮಾಡಿ ತುಂಬಿಕೊಳ್ಳಬಹುದು. ಅದು ಸಾಮಾನ್ಯವಾಗಿ ಒಂದು ವರ್ಷ. ಆದರೆ ಎಲ್ಲ ಎಲ್ಎಲ್‌ಎಂ ನಡೆಯುವುದಿಲ್ಲ. ವೃತ್ತಿ ನೀತಿ 2 ಕ್ರೆಡಿಟ್, ಸಂಶೋಧನೆ ಮತ್ತು ಬರವಣಿಗೆ 2, ಅಮೆರಿಕದ ಕಾನೂನು ವ್ಯವಸ್ಥೆ 2, ಬಾರ್ ಪರೀಕ್ಷೆಯಲ್ಲಿ ಬರುವ ವಿಷಯಗಳು 6, ಇಷ್ಟು ಅದರೊಳಗೆ ಇರಲೇಬೇಕು. ಟ್ಯಾಕ್ಸ್ ಅಥವಾ ಅಂತಾರಾಷ್ಟ್ರೀಯ ವ್ಯಾಪಾರದ ಎಲ್ಎಲ್‌ಎಂ ಮುಗಿಸಿ ಬಾರ್‌ಗೆ ಅರ್ಹತೆ ಇಲ್ಲ ಎಂದು ಆಮೇಲೆ ತಿಳಿದು ಅತ್ತವರಿದ್ದಾರೆ.

ಕ್ಯಾಲಿಫೋರ್ನಿಯಾ ಇನ್ನೂ ಉದಾರಿ. ಬೇರೆ ದೇಶದಲ್ಲಿ ವಕೀಲಿಕೆಗೆ ಪ್ರವೇಶ ಪಡೆದವರು ಎಲ್ಎಲ್‌ಎಂ ಇಲ್ಲದೆಯೇ ಅಲ್ಲಿನ ಬಾರ್ ಪರೀಕ್ಷೆಗೆ ಕೂರಬಹುದು. ಕೂರುವುದು ಸುಲಭ, ಪಾಸಾಗುವುದಲ್ಲ ಎಂಬುದೂ ನೆನಪಿರಲಿ.

ನಿಮ್ಮ ಮೊದಲ ಕೆಲಸ ಊರಿನಲ್ಲಿ. ವಿಶ್ವವಿದ್ಯಾಲಯದಿಂದ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಮೊಹರು ಮಾಡಿದ ಲಕೋಟೆಯಲ್ಲಿ ನೇರವಾಗಿ ಮಂಡಳಿಗೆ ಹೋಗಬೇಕು, ನೀವು ಒಯ್ದು ಕೊಟ್ಟರೆ ನಡೆಯದು. ಬಾರ್ ಕೌನ್ಸಿಲಿನ ಪ್ರಮಾಣಪತ್ರವೂ ಬೇಕು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಶುರುವಾದದ್ದು 2009ರಲ್ಲಿ. ಅದಕ್ಕೂ ಹಿಂದೆ ಓದಿದವರಾದರೆ ನಿಮ್ಮ ದಾಖಲೆ ಹಳೆಯ ವಿಶ್ವವಿದ್ಯಾಲಯದಲ್ಲಿರುತ್ತದೆ, ಅಲ್ಲಿಂದಲೇ ತರಿಸಬೇಕು. ಊರಿನಲ್ಲಿ ಓಡಾಡಲು ಒಬ್ಬ ನಂಬಿಕಸ್ಥರನ್ನು ಗೊತ್ತು ಮಾಡಿಕೊಳ್ಳಿ, ತಿಂಗಳುಗಟ್ಟಲೆ ಹಿಡಿಯುವ ಕೆಲಸವಿದು.

ಅಷ್ಟರಲ್ಲಿ ಕೈಖರ್ಚಿಗೆ ಪ್ಯಾರಾಲೀಗಲ್ ಕೆಲಸ ಹುಡುಕುವುದಾದರೆ ಹುಡುಕಿ. ಅನುಭವಿ ವಕೀಲರನ್ನು ಆ ಹುದ್ದೆಗೆ ತೆಗೆದುಕೊಳ್ಳುವ ಆಫೀಸುಗಳಿವೆ, ವಲಸೆ ಕಾನೂನಿನ ಆಫೀಸುಗಳಲ್ಲಂತೂ ಕನ್ನಡ, ಹಿಂದಿ ಬಲ್ಲವರಿಗೆ ಬೆಲೆಯಿದೆ.

ತೀರ್ಪುಗಳ ಉಲ್ಲೇಖವೇ ತಲೆಗೆ ಹತ್ತುತ್ತಿಲ್ಲ. ಪದಗಳೂ ನಮ್ಮ ಕೋರ್ಟಿನ ಹಾಗಿಲ್ಲ.
— ಓದುಗರು, ಡಲ್ಲಾಸ್

ನಮ್ಮಲ್ಲಿ ವರ್ಷ ಮೊದಲು ಬರುತ್ತದೆ. ಕೇಶವಾನಂದ ಭಾರತಿ ತೀರ್ಪು ಎಐಆರ್ 1973 ಎಸ್‌ಸಿ 1461, ಅಂದರೆ ಆಲ್ ಇಂಡಿಯಾ ರಿಪೋರ್ಟರ್‌ನ 1973ರ ಸುಪ್ರೀಂ ಕೋರ್ಟ್ ಭಾಗದ 1461ನೇ ಪುಟ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಪ್ರಕರಣವದು, ಕನ್ನಡಿಗರು ಮರೆಯುವಂತಿಲ್ಲ. ಅಮೆರಿಕದಲ್ಲಿ ಸಂಪುಟದ ಸಂಖ್ಯೆ ಮೊದಲು, ವರ್ಷ ಕೊನೆಗೆ. ಬ್ರೌನ್ ವಿರುದ್ಧ ಬೋರ್ಡ್ ಆಫ್ ಎಜುಕೇಷನ್ ತೀರ್ಪು 347 ಯು.ಎಸ್. 483, 1954. ಅಂದರೆ ಯು.ಎಸ್. ರಿಪೋರ್ಟ್ಸ್‌ನ 347ನೇ ಸಂಪುಟ, 483ನೇ ಪುಟ. ಇದೊಂದು ಹಿಡಿದರೆ ಉಳಿದದ್ದು ಅಭ್ಯಾಸ. ಸಿಕ್ಕ ತೀರ್ಪು ಇನ್ನೂ ಜೀವಂತವಾಗಿದೆಯೇ, ಅಂದರೆ ಮುಂದಿನ ತೀರ್ಪು ಅದನ್ನು ತಳ್ಳಿಹಾಕಿಲ್ಲವೇ ಎಂದು, ವೆಸ್ಟ್‌ಲಾದಲ್ಲಿ ಕೀಸೈಟ್, ಲೆಕ್ಸಿಸ್‌ನಲ್ಲಿ ಶೆಪರ್ಡ್ಸ್ (ಆನ್‌ಲೈನ್ ಕಾನೂನು ಸಂಗ್ರಹಗಳ ಪರಿಶೀಲನಾ ಸಾಧನಗಳು) ನೋಡದೆ ಮೆಮೊದಲ್ಲಿ ಹಾಕಬೇಡಿ. ಎಐ ಬರೆದುಕೊಟ್ಟ ಉಲ್ಲೇಖವನ್ನಂತೂ ತೆರೆದು ಓದದೆ ನಂಬಲೇಬೇಡಿ. ಇಲ್ಲದ ತೀರ್ಪುಗಳನ್ನು ಹಾಗೆ ಉಲ್ಲೇಖಿಸಿದ ವಕೀಲರಿಗೆ 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು 5,000 ಡಾಲರ್ ದಂಡ ಹಾಕಿತು.

ಪದಗಳ ವಿಷಯ: ನಮ್ಮ ಪ್ಲೇಂಟ್, ಅಂದರೆ ದಾವಾ ಪತ್ರ, ಅಲ್ಲಿ ಕಂಪ್ಲೇಂಟ್, ಅದಕ್ಕೂ ಪೊಲೀಸ್ ದೂರಿಗೂ ಸಂಬಂಧವಿಲ್ಲ. ರಿಟನ್ ಸ್ಟೇಟ್‌ಮೆಂಟ್ ಅಲ್ಲಿ ಆನ್ಸರ್. ನಮ್ಮ ಐಎ, ಅಂದರೆ ಮಧ್ಯಂತರ ಅರ್ಜಿ, ಹೆಚ್ಚುಕಡಿಮೆ ಅವರ ಮೋಷನ್. ಡೆಪೊಸಿಷನ್ ಎಂದರೆ ಕಟಕಟೆಯಲ್ಲಿ ನಿಂತು ಹೇಳುವ ಸಾಕ್ಷ್ಯವಲ್ಲ. ವಿಚಾರಣೆಗೆ ಮೊದಲೇ, ಬಹುಪಾಲು ವಕೀಲರ ಆಫೀಸಿನಲ್ಲೇ, ಕೋರ್ಟ್ ರಿಪೋರ್ಟರ್ (ಹೇಳಿಕೆಯನ್ನು ಪದಶಃ ಬರೆದುಕೊಳ್ಳುವವರು) ಎದುರು ಪ್ರಮಾಣ ಮಾಡಿಸಿ ಪಡೆಯುವ ಹೇಳಿಕೆ. ನೋಟರಿ ಎಂದರೆ ನಮ್ಮಲ್ಲಿ ಅನುಭವಿ ವಕೀಲರು, ಅಲ್ಲಿ ಸಹಿಗೆ ಸಾಕ್ಷಿಯಾಗಲು ರಾಜ್ಯ ನೇಮಿಸಿದವರು, ವಕೀಲರೇ ಆಗಿರಬೇಕೆಂದಿಲ್ಲ.

ಪ್ಯಾರಾಲೀಗಲ್ ಓದುತ್ತಿದ್ದೇನೆಂದು ತಿಳಿದು ಕನ್ನಡ ಕೂಟದವರು ವೀಸಾ ಅರ್ಜಿ ತುಂಬಿಕೊಡು, ವಿಲ್ ಬರೆದುಕೊಡು ಎನ್ನುತ್ತಾರೆ. ಮಾಡಬಹುದೇ?
— ಓದುಗರು, ಸ್ಯಾನ್ ಹೋಸೆ

ಅಕ್ಕನ ಮಗನಿಗಾದರೂ ಸರಿ, ‘ಈ ಫಾರಂ ಹಾಕು, ಆ ಕಾಲಂನಲ್ಲಿ ಹೀಗೆ ಬರೆ’ ಎಂದರೆ ಅದು ಕಾನೂನು ಸಲಹೆ. ಲೈಸೆನ್ಸ್ ಇಲ್ಲದೆ ಸಲಹೆ ಕೊಡುವುದು ಅಪರಾಧ. ನಿಮ್ಮ ರಾಜ್ಯದಲ್ಲಿ ಪ್ಯಾರಾಲೀಗಲ್ ಜನರ ಜೊತೆ ನೇರವಾಗಿ ವ್ಯವಹಾರ ಕುದುರಿಸುವಂತೆಯೇ ಇಲ್ಲ, ವಕೀಲರ ಮೂಲಕವೇ ಕೆಲಸ. ವಕೀಲರಲ್ಲದೆ ವಲಸೆ ಫಾರಂ ತುಂಬಿ ಹಣ ಪಡೆಯುವವರು ಅಲ್ಲಿ 1,00,000 ಡಾಲರ್ ಬಾಂಡ್ ಇಡಬೇಕು, ಅವರೂ ಸಲಹೆ ಕೊಡುವಂತಿಲ್ಲ. ‘ಒಳ್ಳೆಯ ವಕೀಲರ ಹೆಸರು ಹೇಳುತ್ತೇನೆ’ ಎನ್ನಿ, ಅಷ್ಟೇ.

ಕೆಲವು ರಾಜ್ಯಗಳು ಗೆರೆ ಸಡಿಲಿಸಿವೆ. ಅರಿಜೋನಾದಲ್ಲಿ ಲೈಸೆನ್ಸ್ ಪಡೆದ ಲೀಗಲ್ ಪ್ಯಾರಾಪ್ರೊಫೆಷನಲ್‌ಗಳು 2021ರಿಂದ ಕೆಲವು ಬಗೆಯ ಪ್ರಕರಣಗಳಲ್ಲಿ ತಾವೇ ಕಕ್ಷಿದಾರರ ಪರ ಕೋರ್ಟಿಗೆ ಹೋಗುತ್ತಾರೆ. ವಾಷಿಂಗ್ಟನ್ ರಾಜ್ಯ 2012ರಲ್ಲಿ ಇಂಥದೇ ವ್ಯವಸ್ಥೆ ತಂದು 2020ರಲ್ಲಿ ನಿಲ್ಲಿಸಲು ತೀರ್ಮಾನಿಸಿತು. ಪ್ಯಾರಾಲೀಗಲ್ ಪದವಿಯೊಂದರಿಂದಲೇ ಇಂಥ ಲೈಸೆನ್ಸ್ ಸಿಗುವುದಿಲ್ಲ.

ಕಾಲೇಜಿನವರು ಅಸೋಸಿಯೇಟ್ ಪದವಿಯನ್ನು ಎಎಎಸ್ (ಅಪ್ಲೈಡ್ ಸೈನ್ಸ್), ಎಎ (ಆರ್ಟ್ಸ್), ಎಎಸ್ (ಸೈನ್ಸ್) ಎಂದು ಮೂರು ಬಗೆ ಬರೆದಿದ್ದಾರೆ. ಯಾವುದು? ಸಂಬಳ ಎಷ್ಟು?
— ಓದುಗರು, ಷಿಕಾಗೊ

ಮುಗಿಸಿ ನೇರ ಕೆಲಸಕ್ಕಾದರೆ ಎಎಎಸ್. ಮುಂದೆ ಬ್ಯಾಚುಲರ್ ಮಾಡುವ ಆಸೆ ಎಳ್ಳಷ್ಟಿದ್ದರೂ ಎಎ ಅಥವಾ ಎಎಸ್. ಎಎಎಸ್‌ನ ಕಾನೂನು ವಿಷಯಗಳನ್ನು ಹಲವು ವಿಶ್ವವಿದ್ಯಾಲಯಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯಾವ ವಿಶ್ವವಿದ್ಯಾಲಯದೊಂದಿಗೆ ವರ್ಗಾವಣೆ ಒಪ್ಪಂದವಿದೆ ಎಂದು ಕಾಲೇಜಿನಿಂದ ಬರೆಸಿಕೊಳ್ಳಿ. ಎಬಿಎ ಒಪ್ಪಿಗೆ ಕಡ್ಡಾಯವಲ್ಲ, ಆದರೆ ದೊಡ್ಡ ಆಫೀಸುಗಳು ಕೇಳುವುದುಂಟು.

ಸಂಬಳ: ಕಾರ್ಮಿಕ ಇಲಾಖೆಯ 2023ರ ಮೇ ತಿಂಗಳ ಲೆಕ್ಕದಲ್ಲಿ ಪ್ಯಾರಾಲೀಗಲ್‌ಗಳ ಮಧ್ಯಮ ವಾರ್ಷಿಕ ಸಂಬಳ 60,970 ಡಾಲರ್. ಅರ್ಧ ಜನ ಇದಕ್ಕಿಂತ ಕಡಿಮೆ ಪಡೆಯುತ್ತಾರೆ, ಹೊಸಬರು ಬಹುತೇಕ ಆ ಅರ್ಧದಲ್ಲೇ ಇರುತ್ತಾರೆ. ನಾಲಾ ಎಂಬ ಪ್ಯಾರಾಲೀಗಲ್‌ಗಳ ಸಂಘದ ಸರ್ಟಿಫೈಡ್ ಪ್ಯಾರಾಲೀಗಲ್ ಪರೀಕ್ಷೆ ಬರೆದಿಟ್ಟುಕೊಂಡರೆ ಅರ್ಜಿಗೆ ಸ್ವಲ್ಪ ತೂಕ ಬರುತ್ತದೆ.

ನಮ್ಮೂರಲ್ಲಿ ಇಂಥ ಓದು ಇಲ್ಲವೇ?
— ಓದುಗರು, ಶಿರಸಿ

ವಕೀಲಿಕೆಗೆ ಎರಡು ವರ್ಷದ ಪದವಿ ಭಾರತದಲ್ಲಿಲ್ಲ. ಪದವಿಯ ಮೇಲೆ ಮೂರು ವರ್ಷ, ಇಲ್ಲವೇ ಪಿಯುಸಿ ಮೇಲೆ ಐದು. ಜನರಿಗೆ ಕಾನೂನಿನ ನೆರವು ಮುಟ್ಟಿಸುವ ಆಸಕ್ತಿಯಷ್ಟೇ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕರಾಗಬಹುದು. ಅದಕ್ಕೆ ಕಾನೂನು ಪದವಿ ಬೇಡ, ತರಬೇತಿ ಅವರೇ ಕೊಡುತ್ತಾರೆ. ಅದು ಸೇವೆ, ಕೆಲಸ ಮಾಡಿದ ದಿನಕ್ಕೆ ಗೌರವಧನವಿದೆ, ಸಂಬಳವಿಲ್ಲ. ನಿಮ್ಮ ಜಿಲ್ಲಾ ಪ್ರಾಧಿಕಾರದ ಕಚೇರಿ ಕಾರವಾರದ ನ್ಯಾಯಾಲಯದಲ್ಲಿದೆ. ಶಿರಸಿಯ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೂ ಆದೀತು.